ಕೋಷ್ಟಕದಲ್ಲಿ ಜೋಯಿಡಾ ಹುಡುಕಿದರೆ ಸೊನ್ನೆ, ಸೂಪಾ ಎಂದರೆ ಇಡೀ ತಾಲ್ಲೂಕು!

ದಾಂಡೇಲಿ: 2011ರ ಜನಗಣತಿಯ ಉತ್ತರ ಕನ್ನಡ ಜಿಲ್ಲೆಯ ಕೋಷ್ಟಕದಲ್ಲಿ, ತಾಲ್ಲೂಕಿನ ಅಂಕಣದಲ್ಲಿ 'ಜೋಯಿಡಾ' ಎಂದು ಶೋಧಿಸಿದರೆ ಒಂದು ಸಾಲೂ ದೊರೆಯದು. ಕಾಡಿನ ನಡುವಿನ ಈ ತಾಲ್ಲೂಕನ್ನು ಗಣತಿದಾರರು ಮರೆತರೆಂದಲ್ಲ. ಅಲ್ಲಿ ಅದರ ಹೆಸರು 'ಸೂಪಾ'. ಕಾಳಿ ನದಿಯ ಅಣೆಕಟ್ಟೆಯ ಹಿನ್ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿ ಹೋದರೂ ದಾಖಲೆಯಲ್ಲಿ ಹೆಸರು ತೇಲುತ್ತಲೇ ಇದೆ. ದಾಂಡೇಲಿಯದೂ ಇಂಥದೇ ಕಥೆ. 2017-18ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. 2011ರ ಕೋಷ್ಟಕದಲ್ಲಾದರೆ ಅದು ಹಳಿಯಾಳದ ಒಡಲಿನಲ್ಲಿದೆ.

ಫಲಾನುಭವಿಗಳ ಪಟ್ಟಿಯನ್ನು ಸೋಸುವಾಗ ಇದೇ ತಪ್ಪು ನಡೆದರೆ ಊರಿಗೆ ಊರೇ ಬಿಟ್ಟುಹೋದೀತು.

ಇಂಥ ಸೋಸುವಿಕೆಗೆ ಪೈಥಾನ್ ಭಾಷೆಯ 'ಪಾಂಡಾಸ್' ಎಂಬ ಉಚಿತ ತಂತ್ರಾಂಶ ವ್ಯಾಪಕ ಬಳಕೆಯಲ್ಲಿದೆ. ಅದು ಪ್ರತಿ ಸಾಲನ್ನೂ 'ಈ ಪದ ನಿನ್ನಲ್ಲಿದೆಯೇ?' ಎಂದು ಕೇಳಿ 'ನಿಜ' ಅಥವಾ 'ಸುಳ್ಳು' ಎಂದು ಗುರುತು ಹಾಕುತ್ತದೆ. ನಿಜವಾದ ಸಾಲುಗಳಷ್ಟೇ ಉಳಿಯುತ್ತವೆ. ಈ ಉತ್ತರಗಳನ್ನು 'ಮತ್ತು', 'ಅಥವಾ', 'ಅಲ್ಲ' ಎಂಬ ಕೊಂಡಿಗಳಿಂದ ಜೋಡಿಸುವ ತರ್ಕಕ್ಕೆ 19ನೇ ಶತಮಾನದ ಆಂಗ್ಲ ಗಣಿತಜ್ಞ ಜಾರ್ಜ್ ಬೂಲ್ ಅವರ ಹೆಸರಿದೆ. ಅವುಗಳ ಚಿಹ್ನೆಗಳು ಕ್ರಮವಾಗಿ &, | ಮತ್ತು ~.

'ಜೋಯಿಡಾ ಅಥವಾ ಸೂಪಾ' ಎಂದು ಕೇಳಿದರೆ ಹಳೆಯ, ಹೊಸ ಎರಡೂ ಪಟ್ಟಿಗಳಿಗೆ ಸಲ್ಲುತ್ತದೆ. ಅದರೊಂದಿಗೆ 'ಮತ್ತು ಬೇಚರಾಕ್ ಅಲ್ಲ' ಎಂದು ಸೇರಿಸಿ ಜನವಸತಿಯಿಲ್ಲದ ಗ್ರಾಮಗಳನ್ನು ಕೈಬಿಡಬಹುದು. ಆದರೆ ಮೊದಲಿನ ಎರಡು ಹೆಸರುಗಳನ್ನು ಆವರಣ ಚಿಹ್ನೆಯೊಳಗೆ ಇಡಲೇಬೇಕು. ಗಣಕಯಂತ್ರ 'ಅಥವಾ'ಕ್ಕಿಂತ ಮೊದಲು 'ಮತ್ತು'ವನ್ನು ಬಿಡಿಸುವುದರಿಂದ, ಆವರಣವಿಲ್ಲದಿದ್ದರೆ ಆ ಷರತ್ತು ಸೂಪಾಕ್ಕಷ್ಟೇ ಅನ್ವಯಿಸಿ, ಜೋಯಿಡಾ ಹೆಸರಿನ ಬೇಚರಾಕ್ ಗ್ರಾಮಗಳು ಒಳನುಸುಳುತ್ತವೆ.

ಕನ್ನಡದಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳಲ್ಲಿ ಇನ್ನೊಂದು ತೊಡಕಿದೆ, ಕಣ್ಣಿಗೆ ಕಾಣದ್ದು. ಯೂನಿಕೋಡ್‌ನಲ್ಲಿ 'ಡೇ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ 'ದಾಂಡೇಲಿ'ಯೇ, ಗಣಕಯಂತ್ರಕ್ಕೆ ಮಾತ್ರ ಬೇರೆ ಬೇರೆ ಪದಗಳು. 'ಜೋ', 'ಗೋ' ಅಕ್ಷರಗಳಿಂದಾಗಿ ಜೋಯಿಡಾ, ಮುಂಡಗೋಡಗಳಿಗೂ ಇದೇ ಪಾಡು. ಹಳಿಯಾಳ, ಸೂಪಾ ಪಾರು! ಶೋಧಕ್ಕೆ ಮುನ್ನ ಇಡೀ ಅಂಕಣವನ್ನೂ ಶೋಧಪದವನ್ನೂ 'ಎನ್‌ಎಫ್‌ಸಿ' ಎಂಬ ಏಕರೂಪಕ್ಕೆ ತಂದರೆ ಈ ತೊಡಕು ನೀಗುತ್ತದೆ. ಆದರೆ 'ಮುಂಡಗೋಡ', 'ಮುಂಡಗೋಡು' ಎಂಬ ಬರವಣಿಗೆಯ ಭೇದ ಅದರಿಂದ ಹೋಗದು. ಅದಕ್ಕೆ ಮತ್ತೆ 'ಅಥವಾ'ವೇ ಗತಿ.

ಖಾಲಿ ಬಿಟ್ಟ ಕೋಶಗಳನ್ನು 'ಸುಳ್ಳು' ಎಂದು ಪರಿಗಣಿಸುವಂತೆ ಮೊದಲೇ ಸೂಚಿಸಬೇಕು. ಇಲ್ಲವಾದರೆ ಹಲವು ಬಾರಿ ಶೋಧವೇ ದೋಷ ತೋರಿಸಿ ನಿಲ್ಲುತ್ತದೆ. ಇಷ್ಟಕ್ಕೂ ಮೊದಲು, ಅಂಕಣದಲ್ಲಿ ಯಾವ ಯಾವ ಹೆಸರುಗಳಿವೆ ಎಂಬ ಪಟ್ಟಿಯನ್ನು ಒಂದೇ ಆಜ್ಞೆಯಿಂದ ಪಡೆಯಬಹುದು. ಸೂಪಾ ಅಲ್ಲಿಯೇ ಕಣ್ಣಿಗೆ ಬೀಳುತ್ತದೆ.