ಜೀವಕೋಶದೊಳಗೊಂದು ಹಸಿರು ದೀಪ

ಮನುಷ್ಯನ ಜೀವಕೋಶದೊಳಗೆ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಅಡಗಿದೆ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕೋಶಕೇಂದ್ರದಲ್ಲಿ ಅದು ಗೋಜಲಾಗದೆ ಉಳಿದಿರುವುದು ಹಿಸ್ಟೋನ್ ಮುಂತಾದ ಪ್ರೋಟೀನುಗಳ ದೆಸೆಯಿಂದ. ಡಿಎನ್‌ಎ ಮತ್ತು ಪ್ರೋಟೀನುಗಳ ಈ ಹೆಣಿಗೆಯೇ ಕ್ರೊಮ್ಯಾಟಿನ್. ಕೋಶ ಎರಡಾಗುವ ಮುನ್ನ ಇದು ಬಿಗಿಯಾದ ವರ್ಣತಂತುಗಳಾಗಿ ಸುತ್ತಿಕೊಂಡು, ಸಮನಾಗಿ ಹಂಚಿಕೆಯಾಗಬೇಕು. ಹಂಚಿಕೆ ತಪ್ಪಿದರೆ ವರ್ಣತಂತುಗಳ ಸಂಖ್ಯೆ ಏರುಪೇರಾಗುತ್ತದೆ. ಬಹುಪಾಲು ಕ್ಯಾನ್ಸರ್ ಗಡ್ಡೆಗಳಲ್ಲಿ ಕಾಣುವ ಲಕ್ಷಣವಿದು.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಕೋಶವಿಭಜನೆಯ ಹಂತಗಳನ್ನು 1882ರಲ್ಲೇ ಸೊಗಸಾಗಿ ಚಿತ್ರಿಸಿದ್ದರು. ಆದರೆ ಬಣ್ಣ ಹಚ್ಚಿದ ಕೋಶ ಬಹುಮಟ್ಟಿಗೆ ಸತ್ತ ಕೋಶ. ಅದು ಹೇಳುವುದು ಒಂದು ಕ್ಷಣದ ಕಥೆಯನ್ನಷ್ಟೇ. ಬದುಕಿರುವ ಕೋಶದಲ್ಲಿ ನಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಬಗೆ ಹೇಗೆ?

ಉತ್ತರ ಸಿಕ್ಕಿದ್ದು ಸಮುದ್ರದಲ್ಲಿ. 1962ರಲ್ಲಿ ಒಸಾಮು ಶಿಮೊಮುರಾ ಜೆಲ್ಲಿಮೀನಿನಿಂದ ಹಸಿರಾಗಿ ಹೊಳೆಯುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ಅದರ ವಂಶವಾಹಿಯನ್ನು ಹಿಸ್ಟೋನಿನ ವಂಶವಾಹಿಗೆ ಜೋಡಿಸಿದ ಅಮೆರಿಕದ ವಿಜ್ಞಾನಿಗಳು, 1998ರಲ್ಲಿ ಮಾನವಕೋಶದ ವರ್ಣತಂತುಗಳು ಜೀವಂತವಾಗಿಯೇ ಮಿನುಗುತ್ತ ಬೇರೆಯಾಗುವುದನ್ನು ಕಂಡರು.

ಇದರಿಂದ ಹಳೆಯ ನಂಬಿಕೆಯೊಂದು ಕುಸಿಯಿತು. ಬಿಗಿಯಾದ ಕ್ರೊಮ್ಯಾಟಿನ್ ಬೀಗ ಜಡಿದ ಉಗ್ರಾಣದಂತೆ ನಿಶ್ಚಲ ಎಂದೇ ಭಾವಿಸಲಾಗಿತ್ತು. ಲೇಸರ್ ಕಿರಣದಿಂದ ಹೊಳಪಿನ ಒಂದು ಚುಕ್ಕೆಯನ್ನು ಆರಿಸಿ, ಅದು ಮತ್ತೆ ಬೆಳಗಲು ಎಷ್ಟು ಹೊತ್ತು ಬೇಕೆಂದು ಅಳೆದಾಗ ಬೇರೆಯೇ ಸಂಗತಿ ತಿಳಿಯಿತು. ಡಿಎನ್‌ಎ ಸುತ್ತಿಕೊಂಡಿರುವ ಒಳತಿರುಳಿನ ಹಿಸ್ಟೋನುಗಳು ಗಂಟೆಗಟ್ಟಲೆ ಕದಲುವುದಿಲ್ಲ, ನಿಜ. ಆದರೆ ಕಾವಲುಗಾರನೆಂದು ಬಗೆದಿದ್ದ ಎಚ್‌ಪಿ1 ಪ್ರೋಟೀನು ಸೆಕೆಂಡುಗಳಲ್ಲೇ ಬಂದುಹೋಗುತ್ತಿರುತ್ತದೆ ಎಂಬುದು 2003ರಲ್ಲಿ ಖಚಿತವಾಯಿತು. ಗಟ್ಟಿಯಾಗಿ ಕಾಣುವ ವ್ಯವಸ್ಥೆಯೂ ನಿರಂತರ ಓಡಾಟದಿಂದಲೇ ನಿಂತಿದೆ.

ಈ ಕಥೆಗೆ ಇನ್ನೊಂದು ಮುಖವಿದೆ. ಹಸಿರು ಪ್ರೋಟೀನಿನ ವಂಶವಾಹಿಯನ್ನು 1992ರಲ್ಲಿ ಮೊದಲು ಗುರುತಿಸಿಕೊಟ್ಟವರು ಡಗ್ಲಸ್ ಪ್ರಾಷರ್. ಸಂಶೋಧನೆಗೆ ಧನಸಹಾಯ ನಿಂತಾಗ ಅದನ್ನು ಮಾರ್ಟಿನ್ ಚಾಲ್ಫಿ ಹಾಗೂ ರೋಜರ್ ಚೆನ್ ಅವರಿಗೆ ಉದಾರವಾಗಿ ಕಳುಹಿಸಿದರು. 2008ರಲ್ಲಿ ಆ ಇಬ್ಬರಿಗೂ ಶಿಮೊಮುರಾ ಅವರಿಗೂ ನೊಬೆಲ್ ಬಂದಾಗ, ಪ್ರಾಷರ್ ಅಲಬಾಮಾದ ಕಾರು ಮಾರಾಟ ಮಳಿಗೆಯೊಂದರ ವಾಹನ ಚಾಲಕರಾಗಿದ್ದರು.

ಜೆಲ್ಲಿಮೀನು ಏಕೆ ಹೊಳೆಯುತ್ತದೆಂದು ಕೇಳಿದವರ ಎದುರು ಕ್ಯಾನ್ಸರ್ ಇರಲಿಲ್ಲ, ಕುತೂಹಲವಿತ್ತು. ಪ್ರತಿಯೊಂದು ಸಂಶೋಧನೆಯಿಂದಲೂ ತಕ್ಷಣದ ಲಾಭ ಕೇಳುವ ಸರ್ಕಾರಗಳು ಇಂಥ ಪ್ರಶ್ನೆಗಳಿಗೂ ಒಂದಿಷ್ಟು ಹಣ ಮತ್ತು ಸಹನೆ ತೆಗೆದಿರಿಸುವುದು ಲೇಸು. ಯಾವ ಪ್ರಶ್ನೆ ಮುಂದೆ ಯಾರಿಗೆ ದೀಪವಾಗುವುದೋ ಮೊದಲೇ ಹೇಳಬಲ್ಲವರಿಲ್ಲ.