ಬಮ್ಮಿಗಟ್ಟಿಯಿಂದ ಅಮೇರಿಕಾಕ್ಕ: ಮೊದಲ ಗೇಟು ಹುಬ್ಬಳ್ಳಿಯಾಗ!

ಪರದೇಶಕ್ಕೆ ಕಲಿಯಲು ಹೋಗುವುದೆಂದರೆ ನಮ್ಮ ಕಡೆ ಒಂದೇ ಚಿತ್ರ. ಹುಡುಗ ಇಂಜಿನಿಯರಿಂಗ್ ಮುಗಿಸಬೇಕು, ಅಪ್ಪ ಬ್ಯಾಂಕಿನಲ್ಲಿ ಸಾಲ ತೆಗೆಯಬೇಕು, ಇಲ್ಲವೇ ನಾಲ್ಕೆಕರೆ ಗದ್ದೆ ಒತ್ತೆ ಬೀಳಬೇಕು. ಮೀಸೆ ಮೂಡದ ಹುಡುಗ, ಎರಡು ಜಡೆಯ ಹುಡುಗಿ ಒಂದು ವರ್ಷದ ಮಟ್ಟಿಗೆ ಹೋಗಿ ಅಲ್ಲಿಯ ಹೈಸ್ಕೂಲಿನಲ್ಲಿ ಕುಳಿತು ಬರಬಹುದು ಎಂದು ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಹೇಳಿ ನೋಡ್ರಿ. "ಹೋಗ್ರಿ, ಚಾಷ್ಟಿ ಮಾಡಬ್ಯಾಡ್ರಿ" ಅಂತಾರೆ.

ಚಾಷ್ಟಿಯಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೇರಿಕದ ಆಂಬ್ಯುಲೆನ್ಸ್ ಚಾಲಕರಿಂದ ಹುಟ್ಟಿದ್ದು ಎ.ಎಫ್.ಎಸ್. ಎಂಬ ಸಂಸ್ಥೆ. ಎರಡನೇ ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದು ಹೈಸ್ಕೂಲ್ ಮಕ್ಕಳ ವಿನಿಮಯಕ್ಕೆ ಕೈ ಹಾಕಿತು. ರೋಟರಿಯವರದೂ ಇಂಥದೇ ಒಂದು ಯೋಜನೆ ಇದೆ. 2001ರ ಸೆಪ್ಟೆಂಬರ್ ದಾಳಿಯ ನಂತರ, 2002ರಲ್ಲಿ, ಅಮೇರಿಕ ಸರಕಾರವೇ ಕೆನೆಡಿ-ಲೂಗರ್ ಹೆಸರಿನಲ್ಲಿ ಪೂರ್ತಿ ಖರ್ಚು ಕೊಡುವ ಒಂದನ್ನು ಹೊರಡಿಸಿತು. ಭಾರತದ ಮಕ್ಕಳೂ ಅದರಲ್ಲಿ ಹೋಗಿ ಬಂದಿದ್ದಾರೆ. ಹೋದ ಮಕ್ಕಳು ಇರುವುದು ಹಾಸ್ಟೆಲಿನಲ್ಲಲ್ಲ, ಅಲ್ಲಿಯ ಒಂದು ಮನೆಯಲ್ಲಿ, ಮನೆಮಗುವಾಗಿ. ರೋಟರಿಯ ಪದ್ಧತಿಯಲ್ಲಿ ಅಲ್ಲಿಯ ಸಾಲಿ ಫೀ, ತಿಂಗಳ ಕೈಖರ್ಚು ಆ ಊರಿನ ಕ್ಲಬ್ಬಿನ ಪಾಲಿಗೆ. ವಿಮಾನದ ಟಿಕೆಟ್, ವಿಮೆ, ಪಾಸ್‌ಪೋರ್ಟ್, ವೀಸಾ ನಮ್ಮ ಪಾಲಿಗೆ. ಅಪ್ಪ-ಅವ್ವಂದಿರಿಗೆ ಸಮಾಧಾನದ ಮಾತು ಇನ್ನೊಂದಿದೆ: ಗಾಡಿ ಓಡಿಸುವಂತಿಲ್ಲ, ಕುಡಿಯುವಂತಿಲ್ಲ, ಮಾದಕ ವಸ್ತು ಮುಟ್ಟುವಂತಿಲ್ಲ, ಪ್ರೇಮ-ಗೀಮ ನಡೆಯುವುದಿಲ್ಲ. ನಮ್ಮ ಹಾಸ್ಟೆಲ್ ವಾರ್ಡನ್ನರಿಗಿಂತ ಬಿಗಿ!

ಆದರೂ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಖರ್ಚಿನದಲ್ಲ. "ಹ್ವಾದಾಂವ ತಿರಗಿ ಬರ್ತಾನೇನು?" ಈ ಪ್ರಶ್ನೆ ಧಾರವಾಡಕ್ಕೆ ಹೊಸದೂ ಅಲ್ಲ. ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ ಮುಗಿಸಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಅವರಿಗೆ ಇಪ್ಪತ್ತೆರಡು. ಮಗ ಅಲ್ಲೇ ನಿಂತುಬಿಟ್ಟರೆ ಹೇಗೆ, ಅಲ್ಲಿಯವಳನ್ನೇ ಮದುವೆಯಾದರೆ ಹೇಗೆ ಎಂಬ ಚಿಂತೆ ಮನೆಯವರಿಗೆ. ಆ ಒತ್ತಡದಲ್ಲೇ 'ಯಯಾತಿ' ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಮಗನ ಹರೆಯವನ್ನು ಅಪ್ಪ ಕೇಳಿ ತೆಗೆದುಕೊಳ್ಳುವ ಕಥೆ ನೋಡ್ರಿ! ಧಾರವಾಡದ ಮನೋಹರ ಗ್ರಂಥಮಾಲೆಯವರು 1961ರಲ್ಲಿ ಅದನ್ನು ಅಚ್ಚು ಹಾಕಿದರು. ಹೋದವರು 1963ರಲ್ಲಿ ತಿರುಗಿ ಬಂದರು, ಮದರಾಸಿನಲ್ಲಿ ನೌಕರಿ ಹಿಡಿದರು. ಮುಂದಿನದು ನಿಮಗೆ ಗೊತ್ತೇ ಇದೆ.

ಹದಿನೈದು-ಹದಿನಾರರ ಮಗುವಿನ ವಿಷಯದಲ್ಲಿ ಈ ಭಯಕ್ಕೆ ಇನ್ನೂ ಕಡಿಮೆ ಆಸ್ಪದ. ವಿನಿಮಯದ ವೀಸಾ ಕೊಡುವುದೇ ತಿರುಗಿ ಬರುವ ಕರಾರಿನ ಮೇಲೆ. ಸಂದರ್ಶನದಲ್ಲಿ ಅಧಿಕಾರಿ ಕೇಳುವುದೂ ಅವ್ವ ಕೇಳಿದ ಪ್ರಶ್ನೆಯನ್ನೇ.

ನಿಜವಾದ ಗೇಟು ಇರುವುದು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ. ಹಿಂದೆ ಇದಕ್ಕೆ ಬೆಂಗಳೂರಿಗೆ ಎಡತಾಕಬೇಕಿತ್ತು. ಈಗ ಬಸ್ ಹತ್ತಿ ಹೋಗಿ ಅದೇ ದಿನ ಬರಬಹುದು. ಆದರೆ ಕಾಗದ ಒಂದಕ್ಕೊಂದು ಕೂಡಬೇಕಲ್ಲ? ಸಾಲಿಯ ದಾಖಲೆಯಲ್ಲಿ ಅಪ್ಪ 'ಈರಪ್ಪ', ಆಧಾರಿನಲ್ಲಿ 'ವೀರಪ್ಪ', ರೇಶನ್ ಕಾರ್ಡಿನಲ್ಲಿ 'ವೀರಭದ್ರಪ್ಪ'. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅಪ್ಪಂದಿರ ಹುಟ್ಟುಹಬ್ಬವಂತೂ ಬಹುಮಂದಿಯದು ಜೂನ್ 1. ಹೆಸರು ಹಚ್ಚಿದ ದಿನ ಮಾಸ್ತರರು ಬರೆದುಕೊಟ್ಟದ್ದು. ಅಡ್ಡಹೆಸರಿನ ಗೋಳು ಬೇರೆ. ಬಮ್ಮಿಗಟ್ಟಿ ಬಿಟ್ಟು ಹುಬ್ಬಳ್ಳಿ ಸೇರಿದವರಿಗೆ 'ಬಮ್ಮಿಗಟ್ಟಿ' ಎಂಬ ಅಡ್ಡಹೆಸರು ಅಂಟುತ್ತದೆ, ಊರಲ್ಲೇ ಉಳಿದವರು ಏನು ಬರೆಯಬೇಕು? ಅಣ್ಣನದೊಂದು, ತಂಗಿಯದೊಂದು ಆಗಿರುತ್ತದೆ.

ಇದನ್ನು ತಿದ್ದಿಸುವ ಹೊತ್ತು ಒಂಬತ್ತನೇ ಇಯತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗಿ ಬಂದ ಮೇಲೆ ಒಂದು ಅಕ್ಷರ ಬದಲಿಸುವುದು ಎಂಥ ತಾಪತ್ರಯ ಎಂದು ಅನುಭವಿಸಿದವರನ್ನು ಕೇಳಬೇಕು. ಹದಿನೆಂಟು ತುಂಬದ ಮಗುವಿನ ಅರ್ಜಿಗೆ ತಂದೆ-ತಾಯಿಯ ಒಪ್ಪಿಗೆಯ ಹೇಳಿಕೆ ಬೇಕು. ಪಾಸ್‌ಪೋರ್ಟಿನ ಮುಖವನ್ನೇ ನೋಡದ ರೈತ ಕುಟುಂಬವಾದರೆ ಪೊಲೀಸ್ ವಿಚಾರಣೆಯೂ ಬರುತ್ತದೆ. ಪೊಲೀಸರು ಮನೆಗೆ ಬಂದರೆಂದು ಓಣಿಯವರು ಗಾಬರಿಯಾಗಬೇಕಿಲ್ಲ. ಹದಿನೈದು ತುಂಬಿದವರು ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು.

ಇನ್ನು ವರ್ಷ ಹೋಗುವ ಮಾತು. ಅಲ್ಲಿ ಸಾಲಿ ಆಗಸ್ಟ್-ಸೆಪ್ಟೆಂಬರಿಗೆ ಆರಂಭ, ಮೇ-ಜೂನಿಗೆ ಮುಕ್ತಾಯ. ಎಸ್ಸೆಸ್ಸೆಲ್ಸಿ ಮುಗಿಸಿ ಹೋದರೆ ಇಲ್ಲಿ ಪಿಯುಸಿ ಒಂದು ವರ್ಷ ತಡ. ಅಮೇರಿಕದ ನಿಯಮದಲ್ಲಿ ಹದಿನೆಂಟೂವರೆಯ ತನಕ ಅವಕಾಶವಿದೆ, ಆದರೆ ಎರಡನೇ ಪಿಯುಸಿಯ ನಡುವೆ ಎದ್ದು ಹೋಗುವುದು ಜಾಣತನವಲ್ಲ ಎಂದೇ ನನ್ನ ಅಭಿಪ್ರಾಯ. ಹತ್ತು ಮುಗಿದ ಮೇಲಿನ ವರ್ಷವೇ ವಾಸಿ. ಅಲ್ಲಿಯ ಅಂಕಪಟ್ಟಿಯನ್ನು ಇಲ್ಲಿ ಒಪ್ಪುತ್ತಾರೋ ಇಲ್ಲವೋ ಎಂಬುದನ್ನು ಕಾಲೇಜಿನ ಪ್ರಿನ್ಸಿಪಾಲರಿಂದ ಮೊದಲೇ ಬರೆಸಿಕೊಳ್ಳಬೇಕು, ಬಾಯಿಮಾತು ಸಾಲದು. ಆಯ್ಕೆ ಹೊರಡುವುದಕ್ಕಿಂತ ಬಹಳ ಮುಂಚೆ ನಡೆಯುತ್ತದೆ. ಅಂದರೆ ನಮ್ಮ ಮಕ್ಕಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಾರೀಕು ಮುಗಿದಿರುತ್ತದೆ. ಹುಬ್ಬಳ್ಳಿ-ಧಾರವಾಡದ ರೋಟರಿ ಕ್ಲಬ್ಬುಗಳಲ್ಲಿ ಈ ವರ್ಷ ಏನಿದೆ ಎಂದು ಹೆಡ್‌ಮಾಸ್ತರರು ಒಂದು ಫೋನು ಮಾಡಿದರೆ ಗಂಟೇನು ಹೋದೀತು? "ಸೀಟು ಖಾತ್ರಿ, ಮೊದಲು ರೊಕ್ಕ ಕೊಡ್ರಿ" ಎನ್ನುವ ಏಜೆಂಟರಿಂದ ಮಾತ್ರ ನಾಲ್ಕು ಹೆಜ್ಜೆ ದೂರ ಇರ್ರಿ.

ಅರ್ಜಿಯಲ್ಲಿ ಒಂದು ಕಾಗದ ಬರೆಯಲಿಕ್ಕಿರುತ್ತದೆ, ತಾನು ಹೋಗಿ ಇರಬೇಕಾದ ಆ ಅಪರಿಚಿತ ಮನೆಯವರಿಗೆ. ಜೊತೆಗೆ ಮನೆಯ ಫೋಟೋ. ಇಲ್ಲೇ ನಮ್ಮವರು ಎಡವುವುದು. ಕಂಪ್ಯೂಟರ್ ಅಂಗಡಿಯಲ್ಲಿ ಯಾರದೋ ಇಂಗ್ಲಿಷ್ ಕಾಗದ ನಕಲು ಮಾಡಿ, ಹೆಸರು ಬದಲಿಸಿ, ಸ್ಟುಡಿಯೋ ಪರದೆಯ ಮುಂದೆ ನಿಂತ ಫೋಟೋ ಅಂಟಿಸಿದರೆ ಆ ಮನೆಯವರಿಗೆ ಏನು ತಿಳಿದೀತು? ಸೋಯಾ ರಾಶಿಯ ದಿನ ಸಾಲಿ ತಪ್ಪಿಸಿ ಚೀಲ ಹಿಡಿದದ್ದನ್ನು ಬರೆಯಲಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದ್ದನ್ನು ಬರೆಯಲಿ. ತಾಲೂಕಿನ ಬಣ್ಣದ ತೊಟ್ಟಿಲನ್ನು ಬರೆಯಲಿ: ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಕಥೆ. ನಟ ಅಂಬರೀಷ್ ಯಶ್ ಅವರ ಮಗುವಿಗೆಂದು ಹೇಳಿ ಮಾಡಿಸಿದ ತೊಟ್ಟಿಲೂ ಕಲಘಟಗಿಯದೇ. ಇಂಗ್ಲಿಷ್ ಸ್ವಲ್ಪ ತೊದಲಿದರೂ ನಡೆದೀತು. ಭಾಷೆಯ ಪರೀಕ್ಷೆ ಇರುತ್ತದೆ ನಿಜ, ಆದರೆ ಪಟಪಟ ಮಾತಾಡುವವನಿಗಿಂತ ಅಪರಿಚಿತ ಮನೆಯಲ್ಲಿ ಹೊಂದಿಕೊಂಡು ಬಾಳುವ ಮಗು ಅವರಿಗೆ ಬೇಕು. ಎಂಟು ಮಂದಿಯ ಒಟ್ಟು ಮನೆಯಲ್ಲಿ ಬೆಳೆದವರಿಗೆ ಅದನ್ನು ಯಾರು ಕಲಿಸಬೇಕು?

ವಿನಿಮಯ ಅಂದ ಮೇಲೆ ಆ ಕಡೆಯವರೂ ಬರಬೇಕಲ್ಲ! ರೋಟರಿಯ ಪದ್ಧತಿಯಲ್ಲಿ, ಮಗುವನ್ನು ಕಳಿಸಿದ ಮನೆಯವರು ಬಂದ ಮಗುವನ್ನು ಇಟ್ಟುಕೊಳ್ಳಲು ಸಿದ್ಧರಿರಬೇಕಾಗುವುದು ರೂಢಿ. ಜರ್ಮನಿಯ ಹುಡುಗನೊಬ್ಬ ಬಮ್ಮಿಗಟ್ಟಿಯ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಕುಳಿತು ರೊಟ್ಟಿ, ಪುಂಡಿಪಲ್ಲೆ ಉಣ್ಣುವುದು, ಆಮೇಲೆ ಚೀಲ ಹೆಗಲಿಗೇರಿಸಿ ಹುಬ್ಬಳ್ಳಿ ಬಸ್ಸಿನಲ್ಲಿ ನಿಂತೇ ಬರುವುದು. ಅವನಿಗೆ ಹಾಪ್ ಟಿಕೆಟ್ಟೋ ಫುಲ್ ಟಿಕೆಟ್ಟೋ, ಕಂಡಕ್ಟರ್ ಸಾಹೇಬರು ಈಗಲೇ ವಿಚಾರ ಮಾಡಿ ಇಟ್ಟುಕೊಳ್ಳಲಿ.