ವಸೂಲಿ ಕರೆಗೆ ಬಾಯಿಮಾತಿನ ಉತ್ತರ ಸಾಲದು

ಹನುಮಂತನಗರದಂಥ ಮಧ್ಯಮವರ್ಗದ ಬಡಾವಣೆಯಲ್ಲಿ ಎರಡು ಕಂತು ತಪ್ಪಿದವರನ್ನು ಬಡ್ಡಿಗಿಂತ ಹೆಚ್ಚು ಕಾಡುವುದು ಅಕ್ಕಪಕ್ಕದವರಿಗೆ ತಿಳಿದೀತೆಂಬ ಅಂಜಿಕೆ. ಒರಟು ವಸೂಲಿ ಏಜೆಂಟರ ಬಂಡವಾಳವೂ ಅದೇ. ಕಾನೂನು ಮಾತ್ರ ಅವರು ಅಬ್ಬರಿಸುವಷ್ಟು ಅವರ ಪರವಾಗಿಲ್ಲ. ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆಯು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡುವುದನ್ನೂ ಬೆದರಿಕೆಯನ್ನೂ ನಾಲ್ಕು ಜನರೆದುರು ಮಾನ ಕಳೆಯುವುದನ್ನೂ ತಡೆದಿದೆ. ಏಜೆಂಟರ ವರ್ತನೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ. ಹಾಗಾಗಿ ಫೋನ್ ಆರಿಸಿ ಕೂರುವುದಕ್ಕಿಂತ ಕರೆಯನ್ನು ಕಾಗದಕ್ಕಿಳಿಸುವುದು ಮೇಲು: ಕರೆದವರ ಹೆಸರು, ಹೊತ್ತು ಬರೆದಿಟ್ಟು, ಬಾಕಿಯ ಲೆಕ್ಕವನ್ನು ಲಿಖಿತವಾಗಿ ಕೇಳಿ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರೆಂದು ಈಮೇಲಿನಲ್ಲೇ ತಿಳಿಸಬೇಕು. ಆಗದ ಮೊತ್ತಕ್ಕೆ ಫೋನಿನಲ್ಲಿ ಹೂಂಗುಟ್ಟಬಾರದು.

ಸಾಲ ತೀರಿಸದವರಿಗೆ ಇಷ್ಟು ರಕ್ಷಣೆ ಕೊಟ್ಟರೆ ನಾಳೆ ಬಡವರಿಗೆ ಸಾಲ ಕೊಡುವವರು ಯಾರು ಎಂಬ ಆಕ್ಷೇಪವಿದೆ, ತಳ್ಳಿಹಾಕುವಂಥದ್ದಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಕಿರುಸಾಲ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಮೊದಲು ವಾಪಸ್ ಕಳಿಸಿದಾಗ ಶಿಕ್ಷೆ ಅತಿಯಾಯಿತೆಂಬುದೂ ಒಂದು ಕಾರಣವಾಗಿತ್ತು. ನಂತರ ಅಂಕಿತ ಬಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಬಂತು. ಆದರೆ ರಿಸರ್ವ್ ಬ್ಯಾಂಕಿನ ನಿಯಮ ಸಾಲವನ್ನೇನೂ ಮನ್ನಾ ಮಾಡುವುದಿಲ್ಲ. ಬಡ್ಡಿ ಬೆಳೆಯುತ್ತದೆ, ಸಿಬಿಲ್ ಅಂಕ ಕುಸಿಯುತ್ತದೆ, ಕೋರ್ಟಿನ ಬಾಗಿಲೂ ತೆರೆದಿರುತ್ತದೆ. ಸಾಲಗಾರನಿಗಿರುವ ದಾರಿ ಇಷ್ಟು: ಕಿರುಕುಳದ ದೂರನ್ನು ಮೊದಲು ಬ್ಯಾಂಕಿಗೇ ಬರೆದುಕೊಡಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಸಲ್ಲಿಸಿ. ಅದಕ್ಕೆ ಶುಲ್ಕವಿಲ್ಲ. ಜೀವಬೆದರಿಕೆ ಬಂದರೆ ಮಾತ್ರ ಕಾಯದೆ ಪೊಲೀಸ್ ಠಾಣೆಗೆ ಹೋಗಿ.